ತೂಕ ಇಳಿಸೋದು ತಟ್ಟೆ, ಮೈ ಉಳಿಸೋದು ಡಂಬಲ್

ಪುಟ್ಟಿ,

ಮನೆಗೆ ಡಂಬಲ್ ತರಿಸಿದ್ದೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಮೂರು ತಿಂಗಳಲ್ಲಿ ಹತ್ತು ಕೆಜಿ ಇಳಿಸಿಯೇ ತೀರ್ತೀನಿ ಅಂತ ಹಟ ಹಿಡಿದಿದ್ದೀಯಂತೆ. ತರಿಸಿದ್ದು ಒಳ್ಳೇದೇ ಆಯಿತು, ಆದರೆ ಆ ಹಟವನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಶಾಲೆ ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟು ನಿವೃತ್ತನಾದ ನಿನ್ನ ದೊಡ್ಡಪ್ಪನ ನಾಲ್ಕು ಮಾತು ಕೇಳು, ಆಮೇಲೆ ನಿನ್ನಿಷ್ಟ.

ಮೊದಲು ಲೆಕ್ಕ ನೋಡೋಣ. ಅರವತ್ತು ಕೆಜಿ ಆಸುಪಾಸಿನವರು ಅರ್ಧ ಗಂಟೆ ಡಂಬಲ್ ಎತ್ತಿದರೆ ಖರ್ಚಾಗುವುದು ಸುಮಾರು 100–120 ಕ್ಯಾಲರಿ. ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಉದ್ದಿನ ವಡೆ ತಿಂದರೆ ಅದು ಅಲ್ಲಿಗಲ್ಲಿಗೆ ಚುಕ್ತಾ. ಒಂದು ಕೆಜಿ ಕೊಬ್ಬಿನಲ್ಲಿ ಹೆಚ್ಚುಕಡಿಮೆ 7,700 ಕ್ಯಾಲರಿ ಕೂತಿರುತ್ತೆ. ಬರೀ ಡಂಬಲ್ ಎತ್ತಿ ಅದನ್ನು ಕರಗಿಸ್ತೀನಿ ಅಂದರೆ ಆಗದ ಮಾತು. ತೂಕ ಇಳಿಯಬೇಕಾದರೆ ತಟ್ಟೆಯಲ್ಲೇ ಕೈ ಹಿಡಿಯಬೇಕು, ಜೊತೆಗೆ ನಡಿಗೆ ಬೇಕು.

ಹಾಗಾದರೆ ಡಂಬಲ್ ಯಾಕೆ ಅಂತೀಯ? ಊಟ ಕಡಿಮೆ ಮಾಡಿ ಇಳಿಸಿದ ತೂಕವೆಲ್ಲ ಕೊಬ್ಬೇ ಆಗಿರೋದಿಲ್ಲ, ಅದರಲ್ಲಿ ಮಾಂಸಖಂಡದ ಪಾಲೂ ಇರುತ್ತೆ. ಮೊದಲೇ ಮೂವತ್ತು ದಾಟಿದ ಮೇಲೆ ಕೈಕಾಲಿಗೆ ಕೆಲಸ ಕೊಡದವರ ಮಾಂಸಖಂಡ ವರ್ಷ ವರ್ಷ ಸವೆಯುತ್ತಾ ಹೋಗುತ್ತೆ. ಅದರ ಮೇಲೆ ಪಥ್ಯವನ್ನೂ ಹಿಡಿದರೆ ಮುಖ ಬಾಡುತ್ತೆ, ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತೆ, ಪಥ್ಯ ಬಿಟ್ಟ ಕೂಡಲೇ ಕೊಬ್ಬು ಬಡ್ಡಿ ಸಮೇತ ವಾಪಸ್ ಬರುತ್ತೆ. ಭಾರ ಎತ್ತಿದಾಗ ದೇಹ ಆ ಮಾಂಸಖಂಡವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡೋದಿಲ್ಲ. ಮೂಳೆಯೂ ಗಟ್ಟಿಯಾಗುತ್ತೆ. ಡಂಬಲ್ಲಿನ ಕೆಲಸ ಇದು.

‘ಹೆಣ್ಣುಮಕ್ಕಳು ಭಾರ ಎತ್ತಿದರೆ ಗಂಡಸರ ಥರ ತೋಳು ಬರುತ್ತೆ’ ಅಂತ ಯಾರೋ ಹೆದರಿಸಿದ್ದಾರಂತೆ. ಅಂಥ ತೋಳು ಬೆಳೆಸುವ ಹಾರ್ಮೋನು ನಿಮ್ಮ ಮೈಯಲ್ಲಿ ಇರೋದೇ ಚೂರುಪಾರು. ನಿಮ್ಮಜ್ಜಿ ದಿನಾ ಒನಕೆ ಹಿಡಿದು ಕುಟ್ಟಿದವಳು, ಅವಳಿಗೇನು ಪೈಲ್ವಾನರ ತೋಳು ಬಂದಿತ್ತಾ? ಇನ್ನೊಂದು ಭ್ರಮೆಯನ್ನೂ ಬಿಡು. ಹೊಟ್ಟೆಗೆ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು, ತೋಳಿಗೆ ಮಾಡಿದರೆ ತೋಳಿನ ಕೊಬ್ಬು ಕರಗೋದಿಲ್ಲ. ಎಲ್ಲಿಂದ ಕರಗಬೇಕು ಅನ್ನೋದನ್ನು ದೇಹವೇ ತೀರ್ಮಾನಿಸುತ್ತೆ.

ಎಷ್ಟು ಭಾರ ಅನ್ನೋದಕ್ಕೆ ಒಂದೇ ಪರೀಕ್ಷೆ. ಹನ್ನೆರಡು ಸಲ ಎತ್ತುವಾಗ ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ಸೊಂಟ ಓಲಾಡಬಾರದು, ಹೆಗಲು ಕಿವಿಗೆ ಏರಬಾರದು. ಎಂಟಕ್ಕೇ ನಿಲ್ಲಿಸುವಂತಾದರೆ ಭಾರ ಜಾಸ್ತಿ. ಇಪ್ಪತ್ತು ಸಲ ಹರಟೆ ಹೊಡೀತಾ ಎತ್ತಿದೆಯಾದರೆ ಕಡಿಮೆ. ನಿನ್ನಂಥವಳಿಗೆ ತೋಳು–ಹೆಗಲಿಗೆ ಎರಡು ಕೆಜಿ, ಕಾಲು–ಬೆನ್ನಿಗೆ ನಾಲ್ಕೈದು ಕೆಜಿಯಿಂದ ಶುರುಮಾಡಬಹುದು. ಹನ್ನೆರಡು ಸಲ ಸಲೀಸಾದ ಮೇಲೆ ಮುಂದಿನ ಭಾರಕ್ಕೆ ಹೋಗು. ಊರಿಗೆ ಬಂದಾಗ ಡಂಬಲ್ ಇಲ್ಲ ಅಂತ ನೆಪ ಹೇಳಬೇಡ. ಒಂದು ಲೀಟರ್ ಬಾಟಲಿಗೆ ನೀರು ತುಂಬಿದರೆ ಒಂದು ಕೆಜಿ, ಮರಳು ತುಂಬಿದರೆ ಸುಮಾರು ಒಂದೂವರೆ.

ಬೆನ್ನಿಗೆ ಮಾಡೋದನ್ನು ಹೇಳ್ತೀನಿ, ದಿನವೆಲ್ಲ ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಕೂರುವವಳಿಗೆ ಇದೇ ಮುಖ್ಯ. ಅಲುಗಾಡದ ಸ್ಟೂಲಿನ ಮೇಲೆ ಎಡಗೈ ಊರು. ಕಾಲು ಸ್ವಲ್ಪ ಅಗಲಿಸಿ, ಮಂಡಿ ಸಡಿಲಬಿಟ್ಟು, ಸೊಂಟದಿಂದ ಮುಂದಕ್ಕೆ ಬಾಗು. ಬೆನ್ನು ಹಲಗೆಯ ಹಾಗೆ ನೇರ ಇರಬೇಕು. ಬಲಗೈಯಲ್ಲಿ ಡಂಬಲ್ ಕೆಳಗೆ ಇಳಿಬಿಟ್ಟಿರಲಿ. ಈಗ ಉಸಿರು ಬಿಡುತ್ತಾ ಮೊಣಕೈಯನ್ನು ಪಕ್ಕೆಗೆ ಸವರಿಕೊಂಡು ಸೊಂಟದ ಕಡೆಗೆ ಎಳೆ. ಮೇಲೆ ಬಂದಾಗ ಒಂದು ಕ್ಷಣ ನಿಲ್ಲಿಸು, ಹೆಗಲ ಹಿಂದಿನ ರೆಕ್ಕೆಮೂಳೆ ಬೆನ್ನುಮೂಳೆಯ ಕಡೆಗೆ ಸರಿದದ್ದು ಗೊತ್ತಾಗಬೇಕು. ಇಳಿಸುವಾಗ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸು, ಉಸಿರು ಒಳಗೆ ತಗೋ. ಧಡಕ್ಕನೆ ಬಿಟ್ಟರೆ ಅರ್ಧ ಲಾಭ ಹೋಯಿತು. ಎತ್ತುವಷ್ಟೇ ಕೆಲಸ ಇಳಿಸುವುದರಲ್ಲೂ ಇದೆ.

ಇದರ ಜೊತೆಗೆ ಡಂಬಲ್ಲನ್ನು ಎದೆಗವಚಿಕೊಂಡು ಬಸ್ಕಿ, ಅಂಗಾತ ಮಲಗಿ ಎದೆಯ ಮೇಲಿಂದ ನೇರಕ್ಕೆ ಒತ್ತುವುದು, ನಿಂತು ತಲೆಯ ಮೇಲಕ್ಕೆ ಎತ್ತುವುದು, ಕೊನೆಗೆ ಎರಡೂ ಕೈಯಲ್ಲಿ ಹಿಡಿದು ಹಜಾರದಲ್ಲಿ ನೆಟ್ಟಗೆ ನಡೆದಾಡುವುದು. ಐದೇ ಐದು. ಒಂದೊಂದನ್ನು ಎರಡು ಮೂರು ಸುತ್ತು ಮಾಡು, ಸುತ್ತಿನ ನಡುವೆ ಒಂದು ನಿಮಿಷ ಸುಧಾರಿಸಿಕೋ. ಶುರುವಿಗೆ ಐದು ನಿಮಿಷ ಕೈಕಾಲು ಆಡಿಸಿ ಮೈ ಬೆಚ್ಚಗೆ ಮಾಡಿಕೊಳ್ಳೋದನ್ನು ಮರೀಬೇಡ. ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಡು. ಮಾಂಸಖಂಡ ಬಲಿಯುವುದು ಆ ಬಿಡುವಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇಷ್ಟೇ: ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದು, ಎರಡು ದಿನ ಮಾಂಸಖಂಡಕ್ಕೆ ಕೆಲಸ.

ಪಾರ್ಕಿನಲ್ಲಿ ಕೆಲವರು ಡಂಬಲ್ ಹಿಡಿದು ಕೈ ಬೀಸಿಕೊಂಡು ಬಿರಬಿರನೆ ನಡೀತಾರಲ್ಲ, ಅದು ಬೇಡ. ಹೆಗಲಿಗೂ ಮೊಣಕೈಗೂ ಸುಮ್ಮನೆ ಜಗ್ಗು. ನಡೆಯುವಾಗ ನಡಿ, ಎತ್ತುವಾಗ ಎತ್ತು. ಉಸಿರು ಕಟ್ಟಿ ಎತ್ತಬೇಡ, ರಕ್ತದೊತ್ತಡ ಥಟ್ಟನೆ ಏರುತ್ತೆ. ಮಾರನೇ ದಿನ ತೊಡೆ, ತೋಳು ಹಿಡಿದುಕೊಂಡರೆ ಗಾಬರಿ ಬೇಡ, ಎರಡು ಮೂರು ದಿನದಲ್ಲಿ ಬಿಡುತ್ತೆ. ಕೀಲಿನಲ್ಲಿ ಚುಚ್ಚಿದ ಹಾಗಾದರೆ ಆ ವ್ಯಾಯಾಮ ನಿಲ್ಲಿಸು. ಎದೆ ನೋವು, ತಲೆಸುತ್ತು ಬಂದರೆ ಎಲ್ಲವನ್ನೂ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗು. ಬಿ.ಪಿ., ಹೃದಯದ ತೊಂದರೆ, ಡಿಸ್ಕ್ ನೋವು, ಹರ್ನಿಯಾ ಇರುವವರು, ಹೊಸ ಬಾಣಂತಿಯರು ಡಾಕ್ಟರನ್ನು ಕೇಳದೆ ಶುರುಮಾಡಲೇಬಾರದು.

ಭಾರ ಎತ್ತಿದರೆ ಮೈ ಬಿಗಿಯುತ್ತೆ, ಯೋಗವೇ ಸಾಕು ಅನ್ನುವವರೂ ಸಿಗ್ತಾರೆ. ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದವರು. ಅವರು ಭಾರದ ಸಾಧನೆಯನ್ನೂ ಕಲಿಸಿದರು, ಸೂರ್ಯನಮಸ್ಕಾರದ ಮೇಲೂ ಪುಸ್ತಕ ಬರೆದರು. ಎರಡಕ್ಕೂ ಜಗಳವೇ ಇಲ್ಲ. ಬಿಡುವಿನ ದಿನ ನೀನೂ ಸೂರ್ಯನಮಸ್ಕಾರ ಹಾಕು.

ಊಟದ ವಿಷಯಕ್ಕೆ ಬಂದರೆ, ಡಬ್ಬದ ಪುಡಿಗೆ ದುಡ್ಡು ಸುರಿಯುವ ಮೊದಲು ನಮ್ಮ ಅಡುಗೆಮನೆ ನೋಡು. ಹುರುಳಿಕಾಳು, ಕಡಲೆಕಾಳು, ಹೆಸರುಕಾಳು ಎಲ್ಲದರಲ್ಲೂ ಬೇಯಿಸುವ ಮುಂಚಿನ ನೂರು ಗ್ರಾಂಗೆ ಇಪ್ಪತ್ತು ಗ್ರಾಂ ಆಸುಪಾಸು ಪ್ರೋಟೀನ್ ಇದೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ತಟ್ಟೆಯಲ್ಲಿ ಅನ್ನದ ಗುಡ್ಡೆ ಅರ್ಧವಾಗಲಿ, ಕಾಳುಪಲ್ಯ ಎರಡರಷ್ಟಾಗಲಿ, ಮಜ್ಜಿಗೆ ಇರಲಿ. ಸಂಜೆಯ ಕುರುಕಲು ಬಿಟ್ಟರೆ ಅರ್ಧ ಯುದ್ಧ ಗೆದ್ದ ಹಾಗೆ.

ದಿನಾ ತಕ್ಕಡಿ ಹತ್ತಿ ಮುಖ ಸಣ್ಣ ಮಾಡಿಕೊಳ್ಳಬೇಡ. ಕೊಬ್ಬು ಇಳಿದು ಮಾಂಸಖಂಡ ಕೂಡಿದಾಗ ಮುಳ್ಳು ಅಲ್ಲೇ ನಿಂತಿರಬಹುದು. ತಿಂಗಳಿಗೊಮ್ಮೆ ದರ್ಜಿಯ ಟೇಪಿನಲ್ಲಿ ಸೊಂಟದ ಸುತ್ತಳತೆ ನೋಡು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು ಅಂತ ವೈದ್ಯರು ಹೇಳ್ತಾರೆ. ನಿಮ್ಮಪ್ಪನದನ್ನೂ ಒಮ್ಮೆ ಅಳತೆ ಮಾಡು, ನಾನು ಹೇಳಿದೆ ಅಂತ ಹೇಳಬೇಡ.

ಆರಂಭಶೂರತ್ವಕ್ಕೆ ಡಂಬಲ್ ಒಲಿಯೋದಿಲ್ಲ. ಮೂರು ತಿಂಗಳ ಹಟ ಬಿಡು, ವಾರಕ್ಕೆ ಎರಡು ದಿನದ ಅಭ್ಯಾಸ ಹಿಡಿ, ಅದನ್ನು ಯಾವ ಹಬ್ಬಕ್ಕೂ ಯಾವ ಮದುವೆಗೂ ತಪ್ಪಿಸಬೇಡ. ಅಷ್ಟು ಮಾಡಿದರೆ ಸಾಕು, ಮಗಳೇ.