192.168 ಹಾಸ್ಟೆಲ್ ಗೇಟ್ ದಾಟಲ್ಲ, ಯಾಕೆ?

ಪ್ರಾಜೆಕ್ಟ್‌ನ ವೆಬ್ ಸರ್ವರ್ ನಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತಿದೆ ಅಂತಿಟ್ಕೊಳ್ಳೋಣ. ಅದೇ ವೈಫೈನಲ್ಲಿರೋ ರೂಮ್‌ಮೇಟ್ 192.168.1.37 ಅಂತ ಹಾಕಿದರೆ ಪುಟ ತೆರೆಯುತ್ತೆ. ಊರಲ್ಲಿರೋ ತಂಗಿ ಹಾಕಿದರೆ ತೆರೆಯಲ್ಲ. ಕೋಡ್ ಸರಿಯಾಗೇ ಇದೆ, ತೊಡಕು ಇರೋದು ವಿಳಾಸದಲ್ಲಿ.

ಐಪಿವಿ4 ವಿಳಾಸ ಅಂದ್ರೆ 32 ಬಿಟ್‌ಗಳ ಒಂದು ಸಂಖ್ಯೆ. ಅದರ ಮುಂಭಾಗ ನೆಟ್‌ವರ್ಕನ್ನು, ಉಳಿದ ಭಾಗ ಅದರೊಳಗಿನ ಯಂತ್ರವನ್ನು ಸೂಚಿಸುತ್ತದೆ. ಎಲ್ಲಿಗೆ ಕತ್ತರಿಸಬೇಕು ಅಂತ ಹೇಳೋದು ಸಬ್‌ನೆಟ್ ಮಾಸ್ಕ್. /24 ಇದ್ದರೆ ಮೊದಲ 24 ಬಿಟ್ ನೆಟ್‌ವರ್ಕಿನದು. ಉಳಿದ 8 ಬಿಟ್‌ಗಳಿಂದ 256 ವಿಳಾಸ. ಮೊದಲನೆಯದು ನೆಟ್‌ವರ್ಕಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ ಹೋದರೆ ಯಂತ್ರಗಳಿಗೆ ಸಿಗೋದು 254.

ಪ್ಯಾಕೆಟ್ ಕಳಿಸುವ ಮುನ್ನ ಲ್ಯಾಪ್‌ಟಾಪ್ ತನ್ನ ವಿಳಾಸವನ್ನೂ ತಲುಪಬೇಕಾದ ವಿಳಾಸವನ್ನೂ ಮಾಸ್ಕ್ ಜೊತೆ 'ಆ್ಯಂಡ್' ಮಾಡುತ್ತೆ. 192.168.1.37, 192.168.1.90 ಎರಡಕ್ಕೂ 192.168.1.0 ಬರುತ್ತೆ, ಹಾಗಾಗಿ ನೇರ ರವಾನೆ. ಉತ್ತರ ಬೇರೆ ಬಂದರೆ ಪ್ಯಾಕೆಟ್ ರೌಟರ್ ಕೈಗೆ.

32 ಬಿಟ್‌ಗೆ ಸುಮಾರು 429 ಕೋಟಿ ವಿಳಾಸ. ಜಗತ್ತಿಗೆ ಇದು ಸಾಲದು. ಅದಕ್ಕೇ 1996ರ ಆರ್‌ಎಫ್‌ಸಿ 1918, 10ರಿಂದ ಶುರುವಾಗೋ ವಿಳಾಸಗಳು, 172.16ರಿಂದ 172.31ರವರೆಗಿನವು ಮತ್ತು 192.168ರವು ಒಳಬಳಕೆಗೆ ಅಂತ ಮೀಸಲಿಟ್ಟಿತು. ಇವನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಹೊರಗಿನ ಇಂಟರ್‌ನೆಟ್ಟಿನಲ್ಲಿ ಇವಕ್ಕೆ ದಾರಿಯಿಲ್ಲ. ರೂಮ್ ನಂಬರ್ 204 ಇದ್ದ ಹಾಗೆ: ಎಲ್ಲ ಹಾಸ್ಟೆಲಲ್ಲೂ ಒಂದು 204 ಇರುತ್ತೆ. ಮನೆಯ ವೈಫೈನಲ್ಲೂ 192.168.1 ಇದ್ದರೆ ತಂಗಿಯ ಫೋನು ನಮ್ಮ ಸರ್ವರನ್ನು ಮನೆಯೊಳಗೇ ಹುಡುಕುತ್ತೆ!

ಹಾಗಾದ್ರೆ ನಮಗೆ ಯೂಟ್ಯೂಬ್ ಹೇಗೆ ಬರುತ್ತೆ? ನ್ಯಾಟ್‌ನಿಂದ. ಹೊರಡುವ ಪ್ಯಾಕೆಟ್ಟಿನ ಒಳವಿಳಾಸ ತೆಗೆದು ರೌಟರ್ ತನ್ನ ಸಾರ್ವಜನಿಕ ವಿಳಾಸ, ಒಂದು ಪೋರ್ಟ್ ಸಂಖ್ಯೆ ಹಾಕಿ, ಅದನ್ನು ಕೋಷ್ಟಕದಲ್ಲಿ ಗುರುತು ಮಾಡ್ಕೊಳ್ಳುತ್ತೆ. ಉತ್ತರ ಬಂದಾಗ ಕೋಷ್ಟಕ ನೋಡಿ ನಮಗೆ ತಲುಪಿಸುತ್ತೆ. ಹೊರಗಿನವರೇ ಮೊದಲು ಬಾಗಿಲು ತಟ್ಟಿದರೆ ಕೋಷ್ಟಕದಲ್ಲಿ ಅವರ ಸಾಲೇ ಇರಲ್ಲ, ಪ್ಯಾಕೆಟ್ ಅಲ್ಲೇ ಬೀಳುತ್ತೆ.

ಪೋರ್ಟ್ ಫಾರ್ವರ್ಡಿಂಗ್ ಮಾಡಿದರೆ ಆ ಸಾಲನ್ನು ನಾವೇ ಮೊದಲೇ ಬರೆದಿಟ್ಟಂತೆ. ಆದರೆ ರೌಟರಿನ ಹೊರವಿಳಾಸವೇ 100.64ರಿಂದ 100.127ರ ನಡುವೆ ಇದ್ದರೆ ಸೇವಾದಾರರೂ ಇನ್ನೊಂದು ನ್ಯಾಟ್ ಇಟ್ಟಿದ್ದಾರೆ ಅಂತರ್ಥ. ಆಗ ಅದೂ ನಡೆಯಲ್ಲ. 128 ಬಿಟ್‌ಗಳ ಐಪಿವಿ6ನಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ಸಾರ್ವಜನಿಕ ವಿಳಾಸ ಕೊಡಬಹುದು, ಫೈರ್‌ವಾಲ್ ಮಾತ್ರ ಒಪ್ಪಬೇಕು.

ಪರೀಕ್ಷಕರ ಮುಂದೆ ಡೆಮೊ ಇದ್ದರೆ ವಾರ ಮೊದಲೇ ನಮ್ಮ ವಿಳಾಸ ಯಾವ ಸಾಲಿನದು ಅಂತ ನೋಡಿಬಿಡೋಣ. ಒಳಸಾಲಿನದಾದರೆ ಸರ್ವರನ್ನು ಕ್ಲೌಡ್‌ಗೆ ಹಾಕೋದೇ ನೆಮ್ಮದಿ.