ಗುಲಗಂಜಿ, ಕತ್ತಲ ಮೂಲೆ, ಅರಗು

ಅಣ್ಣಿಗೇರಿ ಸುತ್ತಲಿನ ಹಳ್ಳಿಗಳಲ್ಲಿ ನಾವು ಪತ್ತಾರರು, ಅಂದರೆ ಅಕ್ಕಸಾಲಿಗರು. ಅಜ್ಜನ ಕಾಲದ ಅಗ್ಗಿಷ್ಟಿಗೆ ಮುಂದೆ ಕೂತು, ಕೆಡಿಸಿ ಕೆಡಿಸಿ ಕಲಿತದ್ದರಲ್ಲಿ ಕೆಲವು ಇಲ್ಲಿವೆ.

1. ಗುಲಗಂಜಿ ತೂಕಕ್ಕಷ್ಟೇ ಅಲ್ಲ.
96 ಗುಲಗಂಜಿಗೆ ಒಂದು ತೊಲಿ ಎಂಬ ಲೆಕ್ಕ ಹಳಬರಿಗೆ ಬಾಯಿಪಾಠ. ನಮಗೆ ಗುಲಗಂಜಿ ಅಂಟೂ ಹೌದು. ಬುಗುಡಿಯ ಮೇಲೆ ಸಾಸಿವೆಗಿಂತ ಸಣ್ಣ ರವೆ ಕೂಡಿಸಬೇಕಲ್ಲ, ಆ ರವೆ ಮಾಡುವುದು ಸುಲಭ. ಬಂಗಾರದ ತಂತಿಯನ್ನು ಚೂರು ಚೂರು ಕತ್ತರಿಸಿ, ಇದ್ದಿಲ ಪುಡಿಯ ಜೊತೆ ಪದರು ಪದರಾಗಿ ಮೂಸೆಗೆ ತುಂಬಿ ಕಾಯಿಸಿದರೆ ಪ್ರತಿ ಚೂರೂ ಕರಗಿ ತಾನೇ ದುಂಡಗಾಗುತ್ತದೆ. ಕೂಡಿಸುವುದು ಕಷ್ಟ. ಸಿಪ್ಪೆ ತೆಗೆದ ಗುಲಗಂಜಿಯನ್ನು ಕಲ್ಲಿನ ಮೇಲೆ ನೀರು ಹನಿಸಿ ತೇಯ್ದು, ಆ ಗಂಧದಲ್ಲಿ ಒಂದೊಂದೇ ರವೆ ಎತ್ತಿ ಇಡಬೇಕು. ಕಲಿಯುವಾಗ ನಾನು ಜಾಣತನ ಮಾಡಿ ಅಂಗಡಿಯ ಬಿಳಿ ಅಂಟು ಹಚ್ಚಿದೆ. ಉರಿ ತಾಗಿದ್ದೇ ತಡ ಅಂಟು ಉಬ್ಬಿ ನಲವತ್ತು ರವೆ ಬೂದಿಯೊಳಗೆ ಸಿಡಿದವು. ಅಪ್ಪ ಬೈಯಲಿಲ್ಲ, ಜರಡಿ ಕೈಗೆ ಕೊಟ್ಟರು.
ಒಂದು ಎಚ್ಚರ: ಗುಲಗಂಜಿ ವಿಷ. ತೇಯ್ದ ಕಲ್ಲು ಅಡುಗೆಮನೆ ಕಡೆ ಹೋಗಬಾರದು.

2. ಬೆಸುಗೆಗೆ ಕತ್ತಲು ಬೇಕು.
ಬಂಗಾರ ಕರಗುವುದು 1064 ಡಿಗ್ರಿಗೆ, ಬೆಸುಗೆ ಅದಕ್ಕಿಂತ ತುಸು ಮೊದಲು. ಆ ನಡುವಿನ ಗಳಿಗೆಯನ್ನು ಕೆಂಪಿನ ಬಣ್ಣ ನೋಡಿಯೇ ಹಿಡಿಯಬೇಕು. ಬಿಸಿಲಲ್ಲಿ ಆ ಬಣ್ಣ ಕಾಣದು. ಬಿಳಿಗಾರ ಗಾಜಿನಂತೆ ಹರಿದು, ಬೆಸುಗೆ ಒಮ್ಮೆ ಮಿಂಚಿತೆಂದರೆ ಊದುಗೊಳವೆ ಬಾಯಿಂದ ತೆಗೆಯಬೇಕು. ಇನ್ನೊಂದು ಉಸಿರು ಊದಿದರೆ ಮಾಡಿದ ಹೂ ಕರಗಿ ಮುದ್ದೆ. ಬಂದವರಿಗೆ ಮಾತ್ರ ಕತ್ತಲ ಮೂಲೆ ಎಂದರೆ ಅನುಮಾನ; ಅಕ್ಕನ ಬಂಗಾರವನ್ನೂ ಬಿಡದವರು ಎಂಬ ಗಾದೆ ನಮ್ಮ ಬೆನ್ನಿಗೇ ಇದೆಯಲ್ಲ. ಅದಕ್ಕೆ ನನ್ನ ಪಕ್ಕ ಒಂದು ಮಣೆ ಹಾಕಿಟ್ಟಿದ್ದೇನೆ. ಬೇಕಾದವರು ಕೂತು ನೋಡಬಹುದು.

3. ಬೆಳ್ಳಿಯ ಕೈ ಬಿಡಬೇಡಿ.
1963ರಲ್ಲಿ ಸರ್ಕಾರ 14 ಕ್ಯಾರೆಟ್‌ಗಿಂತ ಮೇಲಿನ ಬಂಗಾರದಲ್ಲಿ ಒಡವೆ ಮಾಡಬಾರದೆಂದಾಗ ಅಜ್ಜ ಲಿಂಗದ ಕರಡಿಗೆ, ಉಡದಾರ, ಕಾಲುಂಗುರಕ್ಕೆ ಇಳಿದರು. ಬಂಗಾರದ ಕಾಯ್ದೆ 1990ರಲ್ಲಿ ರದ್ದಾಯಿತು. ಕರಡಿಗೆಯ ಅಚ್ಚು ಇನ್ನೂ ಇದೆ, ಮಳೆ ಕೈಕೊಟ್ಟ ವರ್ಷ ಅದೇ ಅನ್ನ.

4. ಕಲ್ಲಿನ ಒಡವೆಗೆ ಬೆನ್ನಿಲ್ಲ.
ನಮ್ಮೂರ ಅಮೃತೇಶ್ವರ ಗುಡಿ ಹನ್ನೊಂದನೇ ಶತಮಾನದ್ದು. ಅಲ್ಲಿನ ಬಳಪದ ಕಲ್ಲಿನ ಹೆಂಗಸರ ಕೊರಳ ಸರವನ್ನು ಫೋನಿನಲ್ಲಿ ಹಿಡಿದು ತಂದು ‘ಹಿಂಗ ಮಾಡಿಕೊಡ್ರಿ’ ಎನ್ನುತ್ತಾರೆ. ಶಿಲ್ಪಿ ಮುಂಭಾಗ ಕೆತ್ತಿದ. ಕೊಂಡಿ ಎಲ್ಲಿ, ಕೊರಳು ಬಾಗಿದಾಗ ಯಾವ ಎಸಳು ಚುಚ್ಚುತ್ತದೆ ಎಂಬುದು ಅವನ ತಲೆನೋವಲ್ಲ. ನಾನು ಹಿಂಭಾಗವನ್ನು ಮೊದಲು ಬರೆದುಕೊಳ್ಳುತ್ತೇನೆ.

5. ಒಳಗೇನಿದೆ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ.
ಬೋರಮಾಳ ಸರದ ಗುಂಡು ಟೊಳ್ಳು. ತೆಳು ತಗಡನ್ನು ಅಚ್ಚಿನಲ್ಲಿ ಬಡಿದು, ಎರಡು ಹೋಳು ಬೆಸೆದು, ಒಳಗೆ ಅರಗು ತುಂಬುತ್ತೇವೆ. ತುಂಬದಿದ್ದರೆ ಒಂದೇ ಸುಗ್ಗಿಯಲ್ಲಿ ಗುಂಡು ನೆಗ್ಗಿಹೋಗುತ್ತದೆ. ವರ್ಷಕ್ಕೆ 40 ಲಕ್ಷದ ವಹಿವಾಟು ದಾಟದ ನಮ್ಮಂಥವರಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಅದಕ್ಕೇ ನಾನು ಚೀಟಿ ಕಡ್ಡಾಯ ಮಾಡಿಕೊಂಡಿದ್ದೇನೆ: ಬಂಗಾರ ಇಷ್ಟು, ಅರಗು ಇಷ್ಟು.

ಈ ರೂಢಿ ಬಂದದ್ದು ನವಲಗುಂದ ಕಡೆಯ ಒಬ್ಬ ಅಜ್ಜಿಯಿಂದ. ಕಡಲೆ ಮಾರಿದ ರೊಕ್ಕದಲ್ಲಿ ಬೇರೆಲ್ಲೋ ಕೊಂಡ ಬೋರಮಾಳ ತಂದಿದ್ದಳು, ಮೊಮ್ಮಗಳಿಗೆ ಝುಮಕಿ ಆಗಬೇಕಿತ್ತು. ತೂಗಿದರೆ 25 ಗ್ರಾಂ. ಅವಳೆದುರೇ ಗುಂಡು ಒಡೆದು ಅರಗು ಕೆರೆದು ತೂಗಿದೆ, 16.

‘ಒಂಬತ್ತು ಗ್ರಾಂ ಎಲ್ಲಿ ಹೋತೋ ಪತ್ತಾರಾ?’

ಹಿತ್ತಾಳೆ ತಟ್ಟೆಯಲ್ಲಿದ್ದ ಕರಿ ಅರಗು ತೋರಿಸಿದೆ. ‘ಇದನ್ನೂ ಬಂಗಾರದ ರೇಟಿಗೇ ಹಾಕ್ಯಾರ, ಯವ್ವಾ.’

ತಟ್ಟೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನ ಚುಂಗು ಬಿಚ್ಚಿ ನನ್ನ ಮುಂದೆ ಹಾಸಿದಳು.

‘ಇಲ್ಲಿ ಹಾಕು. ರೊಕ್ಕಾ ಕೊಟ್ಟ ತಗೊಂಡೇನಿ.’