ಎದೆಯುರಿ ಮಾತ್ರೆಗಳ ಸುರಕ್ಷಿತ ಬಳಕೆ: ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮಗಳಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದವು ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಕೆಲವೊಮ್ಮೆ ಎದೆನೋವಿಗೂ ಬಳಕೆಯಾಗುತ್ತಿದೆ. ಹೆಸರು ಒಂದಾದುದರಿಂದ ಮದ್ದೂ ಒಂದೇ ಎಂಬ ಭಾವನೆ ಬೆಳೆದಿದೆ. ಅಪಾಯವಿರುವುದು ಇಲ್ಲಿಯೇ.

ಕಿರಾಣಿ ಅಂಗಡಿಯಲ್ಲಿ ದೊರೆಯುವ ನೊರೆಯುಕ್ಕುವ ಪುಡಿ, ಔಷಧಿ ಅಂಗಡಿಯ ಬಿಳಿ ದ್ರವ, ಇವು ಈಗಾಗಲೇ ಸ್ರವಿಸಿರುವ ಆಮ್ಲವನ್ನು ತಟಸ್ಥಗೊಳಿಸುತ್ತವೆ. ಅಪರೂಪದ ಎದೆಯುರಿಗೆ ಸಾಕು. ಆದರೆ ಪುಡಿಯಲ್ಲಿ ಸೋಡಿಯಂ ಅಧಿಕವಾಗಿರುವುದರಿಂದ ರಕ್ತದೊತ್ತಡ, ಮೂತ್ರಪಿಂಡ ಹಾಗೂ ಹೃದಯದ ಕಾಯಿಲೆಯುಳ್ಳವರಿಗೆ ತಕ್ಕುದಲ್ಲ. ಇವು ಕಬ್ಬಿಣಾಂಶದ ಮಾತ್ರೆ ದೇಹಕ್ಕೆ ಹತ್ತುವುದನ್ನೂ ತಡೆಯುತ್ತವೆ. ಗರ್ಭಿಣಿಯರು ಎರಡರ ನಡುವೆ ಕನಿಷ್ಠ 2 ಗಂಟೆ ಅಂತರವಿಡುವಂತೆ ಆಶಾ ಕಾರ್ಯಕರ್ತೆಯರು ತಿಳಿಸತಕ್ಕದ್ದು.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳು ಬೇರೆ ಬಗೆಯವು. ಇವು ಆಮ್ಲದ ಉತ್ಪತ್ತಿಯನ್ನೇ ಕಡಿಮೆ ಮಾಡುತ್ತವೆ. ಕೈಗೆ ಸುಲಭವಾಗಿ ಸಿಕ್ಕರೂ ನಿಯಮದಂತೆ ಇವು ವೈದ್ಯರ ಚೀಟಿಯ ಮೇಲೆ ಮಾರಬೇಕಾದವು. ಬೆಳಗಿನ ಉಪಾಹಾರಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಸೇವಿಸಬೇಕು. ಊಟವಾದ ಮೇಲೆ ಉರಿ ಬಂದಾಗ ನುಂಗಿದರೆ ಕೂಡಲೇ ಫಲವಿಲ್ಲ, ಪೂರ್ಣ ಪರಿಣಾಮಕ್ಕೆ 1ರಿಂದ 4 ದಿನ ಬೇಕಾಗಬಹುದು. 14 ದಿನಗಳ ನಂತರವೂ ಉರಿ ಉಳಿದರೆ ವೈದ್ಯರನ್ನು ಕಾಣಬೇಕೇ ಹೊರತು ಮತ್ತೊಂದು ಪಟ್ಟಿ ಕೊಳ್ಳಬಾರದು. ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಜೀವಸತ್ವ ಹಾಗೂ ಮೆಗ್ನೀಸಿಯಂ ಕುಂದುವುದುಂಟು. ಆದರೆ ವೈದ್ಯರೇ ದೀರ್ಘಕಾಲಕ್ಕೆ ಬರೆದುಕೊಟ್ಟಿದ್ದಲ್ಲಿ ಈ ಲೇಖನ ಓದಿ ನಿಲ್ಲಿಸತಕ್ಕದ್ದಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೊಂದು ಸಂಗತಿ. ಕೊಳವೆಬಾವಿಯ ಫ್ಲೋರೈಡ್ ನೀರಿನಿಂದಲೋ ದುಡಿಮೆಯಿಂದಲೋ ಕೀಲುನೋವುಳ್ಳವರು ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಯನ್ನು ದಿನವೂ ನುಂಗಿ, ಅದರಿಂದ ಬಂದ ಉರಿಗೆ ಗ್ಯಾಸ್ಟ್ರಿಕ್ ಮಾತ್ರೆ ಸೇರಿಸಿಕೊಳ್ಳುವುದುಂಟು. ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು. ಉರಿ ಅಡಗಿದ ಮಾತ್ರಕ್ಕೆ ಹುಣ್ಣಿಲ್ಲವೆಂದು ಹೇಳಲಾಗದು. ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ರಕ್ತವಾಂತಿ ಕಂಡಲ್ಲಿ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಸಂದೇಹವಿದ್ದರೆ ತೋರಿಸುವುದೇ ಲೇಸು.) ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಸಹ ಮಾತ್ರೆಯಿಂದ ಮುಚ್ಚಿಡುವ ಲಕ್ಷಣಗಳಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಹೃದಯಾಘಾತ. ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ, ತೋಳು ಅಥವಾ ದವಡೆಗೆ ಹರಡುವ ನೋವು ಇದ್ದಾಗ ಸೋಡಾ ಕುಡಿಸಿ ಕಾಯುವುದು ಪ್ರಾಣಕ್ಕೆ ಎರವಾಗಬಹುದು. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಬರೀ ಉರಿ ಅಥವಾ ಸುಸ್ತಷ್ಟೇ ಕಾಣಬಹುದು. ಕೂಡಲೇ 108ಕ್ಕೆ ಕರೆಮಾಡಿ, ಇಸಿಜಿ ಮಾಡುವ ಆಸ್ಪತ್ರೆಗೆ ಸಾಗಿಸಬೇಕು. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ಇದಕ್ಕಾಗಿಯೇ ಇದೆ; ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಅದರಡಿ ಉಚಿತವಾಗಿ ನೀಡಲಾಗುತ್ತದೆ.

ಸದಸ್ಯರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ತಮ್ಮ ಗ್ರಾಮಕ್ಕೆ ಸಮೀಪದಲ್ಲಿ ರಾತ್ರಿ ವೇಳೆಯೂ ಇಸಿಜಿ ಸೌಲಭ್ಯವಿರುವ ಆಸ್ಪತ್ರೆ ಯಾವುದೆಂದು ಸಮುದಾಯ ಆರೋಗ್ಯ ಅಧಿಕಾರಿಯವರಿಂದ ಕೇಳಿ ತಿಳಿದು, ಅದನ್ನು ಪಂಚಾಯತಿ ಸೂಚನಾ ಫಲಕದಲ್ಲಿ ಬರೆಯಿಸುವುದು.